ಸೂಚನೆ ತಲುಪಿದವರು

೧

ಟಿಣ್ ಎಂದು ಶುರು ಮಾಡಲೇ, ಟಿಣ್ ಟಿಣ್ ಎಂದೇ? ನಿನ್ನೆಯಿಂದ ಇದೊಂದೇ ಪ್ರಶ್ನೆಗೆ ನನ್ನ ಪೆನ್ನು ನಿಂತುಬಿಟ್ಟಿದೆ. ಒಂದು ಟಿಣ್ ಆದರೆ ಯಾರದೋ ಫೋನಿಗೆ ಏನೋ ಬಂತು ಎಂದು ನೀವು ಪುಟ ತಿರುಗಿಸುತ್ತೀರಿ. ಎರಡಾದರೆ ಅಚ್ಚಿನ ತಪ್ಪು ಎಂದುಕೊಳ್ಳುತ್ತೀರಿ. ಆದರೆ ಈ ಕಥೆ ಇರುವುದೇ ಎರಡನೆಯ ಟಿಣ್‌ನಲ್ಲಿ.

ಮೊದಲ ಕರಡು ಹೀಗಿತ್ತು: "ಕೋರ್ಟಿನ ಎದುರಿನ ಬೀದಿಯಲ್ಲಿ ಬೆಳಗಿನ ಬಿಸಿಲು ಹಣ್ಣಾಗುತ್ತಿತ್ತು." ಬಿಸಿಲು ಹಣ್ಣಾಗುವುದು ಹೇಗೆ ಎಂದು ನನಗೇ ಗೊತ್ತಿಲ್ಲ. ಹರಿದೆ. ಎರಡನೆಯದು: "ನ್ಯಾಯ ಎಂದರೇನು?" ಇದನ್ನು ಸ್ವಲ್ಪ ಹೊತ್ತು ಹೆಮ್ಮೆಯಿಂದ ನೋಡಿದೆ, ಆಮೇಲೆ ಹರಿದೆ.

(ಹರೀಲಿಲ್ಲ. ಎರಡನ್ನೂ ಟೈಪ್ ಮಾಡೋಕೆ ಕೊಟ್ಟಿದ್ರು. ಬೇಡ ಅಂದಿದ್ದು ನಾನು.)

ಆವರಣದೊಳಗಿಂದ ಮಾತಾಡಿದವರು ಟೈಪಕ್ಕ. ಇಲ್ಲೇ ಪರಿಚಯ ಮಾಡಿಸಿಬಿಡುತ್ತೇನೆ, ಇಲ್ಲದಿದ್ದರೆ ಅವರೇ ಮಾಡಿಕೊಳ್ಳುತ್ತಾರೆ. ಕೋರ್ಟಿನ ಎದುರು "ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಅರ್ಜಿ" ಎಂದು ಬೋರ್ಡ್ ಹಾಕಿರುವ ಹತ್ತಡಿ ಅಗಲದ ಅಂಗಡಿ ಅವರದು. ಬೀದಿಗೆಲ್ಲ ಅವರು ಟೈಪಕ್ಕ. ನಾನು ಕೈಯಲ್ಲಿ ಬರೆಯುವವನು. ನನ್ನ ಅಕ್ಷರವನ್ನು ತಡವರಿಸದೆ ಓದಬಲ್ಲವರು ಲೋಕದಲ್ಲಿ ಅವರೊಬ್ಬರೇ. ಟೈಪ್ ಮಾಡುವಾಗ ಏನಾದರೂ ಒಪ್ಪಿಗೆಯಾಗದಿದ್ದರೆ ಆವರಣ ಹಾಕಿ ತಮ್ಮ ಮಾತು ಸೇರಿಸುತ್ತಾರೆ. ಅದನ್ನು ಅಳಿಸಿ ಎಂದೆ. "ಅಳಿಸ್ತೀನಿ. ನೀವು ಬೇರೆ ಟೈಪಿಸ್ಟ್ ಹುಡುಕ್ಕೊಳ್ಳಿ" ಅಂದರು. ಆವರಣಗಳು ಉಳಿದವು.

ಇನ್ನೊಂದು ವಿಷಯ. ಈ ಕಥೆಯ ಮುಖ್ಯ ಪಾತ್ರವೂ ಅವರೇ. ಪಾತ್ರವೇ ಕೂತು ಟೈಪ್ ಮಾಡುವ ಕಥೆಯಲ್ಲಿ ಲೇಖಕನ ಮಾತು ಎಷ್ಟು ನಡೆಯುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

೨

ಟೈಪಕ್ಕನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ಇಬ್ಬರೂ ಈ ಕಥೆಗೆ ಬಂದಿದ್ದಾರೆ, ಷರತ್ತನ್ನೂ ಬೇರೆ ಬೇರೆಯಾಗಿಯೇ ಹಾಕಿದ್ದಾರೆ. ಆದ್ದರಿಂದ ಬೀದಿಯವರು ಕರೆಯುವ ಹಾಗೆ ವಾಚಣ್ಣ, ಬೀಗಣ್ಣ ಎನ್ನುತ್ತೇನೆ. ಅದೇ ಬೀದಿಯಲ್ಲಿ ಅವರಿಬ್ಬರಿಗೂ ಸೇರಿ ಅಪ್ಪ ಬಿಟ್ಟುಹೋದ ಅಂಗಡಿ ಒಂದು, ಷಟರ್ ಒಂದು, ಈ ಗೋಡೆಯಿಂದ ಆ ಗೋಡೆಗೆ ಹಾಕಿದ ಮರದ ಮೇಜೂ ಒಂದೇ. ಕಿಟಕಿಯ ಪಕ್ಕದ ತುದಿಯಲ್ಲಿ ಅಣ್ಣ ಗಡಿಯಾರ ರಿಪೇರಿ ಮಾಡುತ್ತಾರೆ. ಇನ್ನೊಂದು ತುದಿಯಲ್ಲಿ ತಮ್ಮ ಕೀಲಿಕೈ ಮಾಡಿಕೊಡುತ್ತಾನೆ.

ಕೀ ಕಡಿಯುವ ಮೆಷಿನ್ನಿನಿಂದ ಹಿತ್ತಾಳೆ ಪುಡಿ ಹಾರುತ್ತದೆ. ಹಾರಿ ಹೋಗಿ, ಬಿಚ್ಚಿಟ್ಟ ಗಡಿಯಾರದ ಹಲ್ಲುಗಳ ಮಧ್ಯೆ ಕೂರುತ್ತದೆ. ಅದಕ್ಕೆ ವಾಚಣ್ಣ ನಡುವೆ ಗೋಡೆ ಬೇಕು ಅಂದರು. ಗೋಡೆ ಬಂದರೆ ಇರುವ ಒಂದೇ ಕಿಟಕಿ ಅಣ್ಣನ ಪಾಲಾಗುತ್ತದೆ, ನಾನು ಕತ್ತಲಲ್ಲಿ ಕೂತು ಕೀ ಕಡಿಯಲಾ ಅಂದ ಬೀಗಣ್ಣ. ನೋಡಿದರೆ ಇಬ್ಬರದೂ ಸರಿ, ಕಷ್ಟ ಅದೇ. ಮಾತಿಗೆ ಮಾತು ಬೆಳೆದು ವಾಚಣ್ಣ ಕೋರ್ಟಿಗೆ ಹೋದರು. ಎರಡು ವರ್ಷವಾಯಿತು, ಎಂಟಡಿ ದೂರದಲ್ಲಿ ಕೂರುವ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಗಿರಾಕಿ ಬಂದು "ನಿಮ್ಮ ತಮ್ಮ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದರೆ ವಾಚಣ್ಣ "ಬೋರ್ಡ್ ಇದೆಯಲ್ಲ, ಓದ್ಕೊಳ್ಳಿ" ಎನ್ನುತ್ತಾರೆ.

(ಅಣ್ಣ ಊಟಕ್ಕೆ ಎದ್ದ ಅಂದ್ರೆ, ಅವನು ಬಿಚ್ಚಿಟ್ಟಿರೋ ಗಡಿಯಾರದ ಮೇಲೆ ತಮ್ಮ ಬಟ್ಟೆ ಮುಚ್ಚಿ ಆಮೇಲೇ ಮೆಷಿನ್ ಹಾಕ್ತಾನೆ. ಅದನ್ನೂ ಬರೀರಿ ಸಾರ್. ಬರೀ ಜಗಳ ಬರೆದ್ರೆ ಹೇಗೆ?)

ಬರೆದೆ.

೩

ಈಗ ಕೋರ್ಟಿನಿಂದ ಕಾಗದ ಬರುವುದಿಲ್ಲ. ಎಲ್ಲವನ್ನೂ ವೆಬ್‌ಸೈಟಿನಲ್ಲಿ ಸಲ್ಲಿಸಬೇಕು. ಕೇಸಿನಲ್ಲಿ ಏನಾದರೂ ಹೊಸದು ನಡೆದರೆ ಫೋನಿಗೆ ಸೂಚನೆ ಬರುತ್ತದೆ. ವಾಚಣ್ಣ ದಿನವಿಡೀ ಸಾಸಿವೆಯಷ್ಟು ಸ್ಕ್ರೂಗಳನ್ನು ನೋಡಿ ಕಣ್ಣು ಸೋತವರು. ಬೀಗಣ್ಣನಿಗೆ ಉದ್ದ ವಾಕ್ಯ ಕಂಡರೆ ಆಕಳಿಕೆ. ಇಂಥವರಿಗೆಂದೇ ವೆಬ್‌ಸೈಟಿನಲ್ಲಿ ಒಂದು ಅನುಕೂಲವಿದೆ: "ಅಧಿಕೃತ ಪ್ರತಿನಿಧಿಯನ್ನು ಸೇರಿಸಿ." ನಂಬಿಕೆಯ ಒಬ್ಬರ ಹೆಸರು, ಸಂಬಂಧ, ಮೇಲ್ ವಿಳಾಸ ತುಂಬಿ, "ಈ ಪ್ರಕರಣದ ಎಲ್ಲ ಸೂಚನೆಗಳನ್ನು ಇವರಿಗೂ ಕಳುಹಿಸಿ" ಎಂಬಲ್ಲಿ ಟಿಕ್ ಹಾಕಿದರೆ ಮುಗಿಯಿತು.

ಅರ್ಜಿ ಟೈಪ್ ಮಾಡಿಸಲು ಬಂದ ವಾಚಣ್ಣ ಹೇಳಿದರು, "ಇಲ್ಲಿ ನಿನ್ನ ಹೆಸರೇ ಹಾಕ್ಕೋ ಪುಟ್ಟಿ. ಅವನಿಗೆ ಮಾತ್ರ ಹೇಳ್ಬೇಡ."

ತಿಂಗಳ ಮೇಲೆ ಉತ್ತರ ಸಲ್ಲಿಸಲು ಬಂದ ಬೀಗಣ್ಣ ಹೇಳಿದ, "ನಂಗಿನ್ಯಾರಿದ್ದಾರೆ ಅಕ್ಕ, ನಿನ್ನ ಹೆಸರೇ ಹಾಕ್ಬಿಡು. ಅಣ್ಣಂಗೆ ಗೊತ್ತಾಗೋದು ಬೇಡ."

ಹೆಸರು ಹಾಕುವಾಗ ವೆಬ್‌ಸೈಟು ಏನೇನೋ ಕೇಳಿತು. ಇವರಿಗೆ ಹದಿನೆಂಟು ತುಂಬಿದೆಯೇ? ಇವರ ಒಪ್ಪಿಗೆ ಇದೆಯೇ? ನೀವು ರೋಬೋಟ್ ಅಲ್ಲ ತಾನೇ? ಇವರು ನಿಮ್ಮ ಎದುರಾಳಿಗೂ ಪ್ರತಿನಿಧಿಯೇ ಎಂದು ಮಾತ್ರ ಕೇಳಲಿಲ್ಲ. ಅದನ್ನು ಮಾಡಿದ ಎಂಜಿನಿಯರಿಗೆ ಇಂಥ ಮನೆಯವರು ಇರಬಹುದು ಎಂದು ಹೊಳೆದಿರಲಾರದು.

(ತಮ್ಮಂಗೆ ಬೇಡ ಅಂತ ಹೇಗೆ ಹೇಳ್ಲಿ? ಯಾಕೆ ಅಂತ ಕೇಳ್ತಿದ್ದ. ಯಾಕೆ ಅಂತ ಹೇಳಿದ್ರೆ ಅಣ್ಣಂಗೆ ಕೊಟ್ಟ ಮಾತು ತಪ್ಪಿದ ಹಾಗಲ್ವಾ?)

ಅಂದಿನಿಂದ ಟೈಪಕ್ಕನ ಫೋನಿಗೆ ಎರಡು ಟಿಣ್. ಸಹೋದರರ ಫೋನಿಗೂ ಅದೇ ಹೊತ್ತಿಗೆ ಬರುತ್ತದೆ, ಇಬ್ಬರೂ ತೆರೆದು ನೋಡುವುದಿಲ್ಲ. ಎದ್ದು ಟೈಪಕ್ಕನ ಅಂಗಡಿಗೆ ಬರುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಅಣ್ಣ, ಮಧ್ಯಾಹ್ನ ಮೂರಕ್ಕೆ ತಮ್ಮ. ಒಂದೇ ಸೂಚನೆಯನ್ನು ಎರಡು ಸಲ ಪ್ರಿಂಟ್ ತೆಗೆದು ಎರಡು ಸಲ ಓದಿ ಹೇಳುತ್ತಿದ್ದರು ಟೈಪಕ್ಕ. ಗಿರಾಕಿಗಳಿಗೆಂದು ಎರಡು ಕುರ್ಚಿ ಇದ್ದರೂ ಒಂದರ ಮೇಲೆ ಯಾವಾಗಲೂ ಝೆರಾಕ್ಸ್ ಕಾಗದದ ಕಟ್ಟುಗಳು.

ಪ್ರತಿ ಸೂಚನೆಯ ಕೊನೆಯಲ್ಲಿ ಬೇರೆಯೇ ಒಂದು ಹಾಳೆ ಇರುತ್ತದೆ. ಮೇಲೆ "ಸೂಚನೆ ತಲುಪಿದವರು" ಎಂದಿರುತ್ತದೆ. ಕೆಳಗೆ ಅರ್ಜಿದಾರರು, ಅವರ ಪ್ರತಿನಿಧಿ. ಎದುರುದಾರರು, ಅವರ ಪ್ರತಿನಿಧಿ. ಎರಡೂ ಕಡೆ ಪ್ರತಿನಿಧಿಯ ಹೆಸರು ಒಂದೇ. ಟೈಪಕ್ಕ ಆ ಹಾಳೆಯನ್ನು ಪಿನ್ ಮಾಡದೆ ತೆಗೆದು ಡ್ರಾಯರಿಗೆ ಹಾಕುತ್ತಿದ್ದರು.

೫

ನಾಲ್ಕು ಎಲ್ಲಿ ಎಂದು ಹಿಂದಕ್ಕೆ ತಿರುಗಿ ಹುಡುಕಬೇಡಿ. ಬರೆದಿದ್ದೇನೆ, ತೆಗೆದಿಟ್ಟಿದ್ದೇನೆ.

ಕಳೆದ ಶುಕ್ರವಾರ ಬೆಳಿಗ್ಗೆ ಎರಡು ಟಿಣ್ ಬಂದವು. ಸೂಚನೆಯ ಸಾರ ಇಷ್ಟು: ಬರುವ ಗುರುವಾರ ಹನ್ನೊಂದು ಗಂಟೆಗೆ ಇಬ್ಬರೂ ಖುದ್ದಾಗಿ ಹಾಜರಾಗಬೇಕು. ಒಬ್ಬರೇ ಬಂದರೆ ಬಂದವರ ಮಾತು ಕೇಳಿ ತೀರ್ಮಾನ. ಇಬ್ಬರೂ ಬಾರದಿದ್ದರೆ ಪ್ರಕರಣ ವಜಾ.

ಕಥೆಗಾರನ ಬಾಯಲ್ಲಿ ನೀರೂರಬೇಕಾದ ಜಾಗ ಇದು. ಇಬ್ಬರ ಕಿವಿಯೂ ಒಬ್ಬರ ಕೈಯಲ್ಲಿ! ಆ ದಿನ ನಿಜವಾಗಿ ನಡೆದದ್ದನ್ನು ಬದಿಗಿಟ್ಟು, ಕೂತ ಕೂತಲ್ಲೇ ಮೂರು ಮುಕ್ತಾಯ ಬರೆದೆ.

ಮುಕ್ತಾಯ ಕ: ಟೈಪಕ್ಕ ಇಬ್ಬರಿಗೂ ಸುಳ್ಳು ತಾರೀಕು ಹೇಳುತ್ತಾರೆ. ಯಾರೂ ಹೋಗುವುದಿಲ್ಲ. ಕೇಸು ವಜಾ, ಗೋಡೆಯೂ ಇಲ್ಲ, ಜಗಳವೂ ಇಲ್ಲ.

(ಇಲ್ಲ.)

ಮುಕ್ತಾಯ ಖ: ತಮ್ಮನ ಮೇಲೆ ಪ್ರೀತಿ ಒಂದು ತೂಕ ಹೆಚ್ಚು. ಅವನಿಗೆ ಮಾತ್ರ ಹೇಳುತ್ತಾರೆ.

(ನಂಗೆ ಇಬ್ಬರೂ ಒಂದೇ. ಇದನ್ನ ಅಳಿಸಿ. ಅಣ್ಣ ಓದಿದ್ರೆ ನೊಂದ್ಕೊಳ್ತಾನೆ.)

ಮುಕ್ತಾಯ ಗ: ಗಾಜಿನ ಗೋಡೆ. ಬೆಳಕು ಬರುತ್ತದೆ, ಪುಡಿ ಬರುವುದಿಲ್ಲ. ಎಲ್ಲರೂ ಸುಖವಾಗಿರುತ್ತಾರೆ.

(ಗಾಜಿನ ಮೇಲೆ ಪುಡಿ ಕೂರುತ್ತೆ. ದಿನಾ ಒರೆಸೋರು ಯಾರು ಅಂತ ಇನ್ನೊಂದು ಕೇಸ್ ಹಾಕ್ತಾರೆ.)

ಆವರಣದಲ್ಲಿ ಜಗಳ ಮುಗಿಯುವ ಹಾಗೆ ಕಾಣಲಿಲ್ಲ, ಎದುರಿಗೇ ಕೇಳಿದೆ. "ಟೈಪಕ್ಕ, ಕ ತುಂಬಾ ಚೆನ್ನಾಗಿದೆ. ಓದುಗರ ಎದೆ ಹೊಡ್ಕೊಳ್ಳುತ್ತೆ."

"ನಿಮ್ಮ ಓದುಗರ ಎದೆ ಹೊಡ್ಕೊಳ್ಲಿ ಅಂತ ನಾನು ನನ್ನ ಅಣ್ಣತಮ್ಮಂಗೆ ಸುಳ್ಳು ಹೇಳ್ಲಾ? ನಂಬಿ ಹೆಸರು ಕೊಟ್ಟಿದ್ದಾರೆ ಸಾರ್. ಬಂದಿದ್ದನ್ನ ಬಂದ ಹಾಗೆ ಓದೋದು ನನ್ನ ಕೆಲಸ."

"ಕೊನೇ ಹಾಳೆ ಮಾತ್ರ ಡ್ರಾಯರಿಗೆ, ಅಲ್ವಾ?"

ಟಕಟಕ ಸದ್ದು ನಿಂತಿತು. ಈ ಮಾತಿಗೆ ಆವರಣವೂ ಬರಲಿಲ್ಲ. ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿಯಾಗಿತ್ತು.

೬

ಆ ಶುಕ್ರವಾರ ಹತ್ತೂವರೆಗೆ ನಾನು ಅಲ್ಲೇ ಇದ್ದೆ, ಖಾಲಿ ಇದ್ದ ಒಂದೇ ಕುರ್ಚಿಯಲ್ಲಿ ಕೂತು ಹಳೆಯ ಕಥೆಯೊಂದರ ತಪ್ಪು ತಿದ್ದುತ್ತಿದ್ದೆ. ವಾಚಣ್ಣ ಬಂದರು, ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟು ಝೆರಾಕ್ಸ್ ಮೆಷಿನ್ನಿಗೆ ಒರಗಿ ನಿಂತೆ. ಟೈಪಕ್ಕ ಸೂಚನೆಯನ್ನು ಪೂರ್ತಿ ಓದಿದರು. ವಾಚಣ್ಣ ತಲೆಯಾಡಿಸಿದರು. ಪಿನ್ ಮಾಡಿದ ಹಾಳೆಗಳನ್ನು ಕೈಗೆ ತೆಗೆದುಕೊಂಡು, ಕಿಸೆಯಿಂದ ಭೂತಕನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಸಣ್ಣದು ಏನು ಕಂಡರೂ ಹಾಗೆ ಮಾಡುವುದು ಅವರ ರೂಢಿ. ಆ ವಾರದಿಂದ ಕೋರ್ಟಿನವರು ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪುಟಸಂಖ್ಯೆ ಹಾಕಲು ಶುರುಮಾಡಿದ್ದರು. ಟೈಪಕ್ಕ ಅದನ್ನು ಗಮನಿಸಿರಲಿಲ್ಲ.

"ಪುಟ್ಟಿ, ಇಲ್ಲಿ ನಾಲ್ಕು ಪುಟದಲ್ಲಿ ಮೂರನೇದು ಅಂತಿದೆ. ನಾಲ್ಕನೇದು ಎಲ್ಲಿ?"

"ಅದ್ರಲ್ಲಿ ಏನೂ ಇಲ್ಲ ಅಣ್ಣ. ಬರೀ ಹೆಸರು."

"ಯಾರ ಹೆಸರು?"

"ಎಲ್ಲಾರ್ದೂ."

"ಗಡಿಯಾರ ಜೋಡಿಸಿದ ಮೇಲೆ ಒಂದು ಸ್ಕ್ರೂ ಕಮ್ಮಿ ಅಂದ್ರೆ ನಾನು ಮನೆಗೆ ಹೋಗಲ್ಲ, ನಿಂಗೆ ಗೊತ್ತಲ್ಲ. ತೆಗಿ."

ಟೈಪಕ್ಕ ಡ್ರಾಯರ್ ಎಳೆದರು. ಎರಡು ವರ್ಷದ ಹಾಳೆಗಳಿಂದ ಉಬ್ಬಿದ್ದ ಅದು ಅರ್ಧಕ್ಕೇ ಕಚ್ಚಿಕೊಂಡಿತು. ಇನ್ನೊಮ್ಮೆ ಜೋರಾಗಿ ಎಳೆದಾಗ ನಾಲ್ಕಾರು ಹಾಳೆಗಳು ನೆಲಕ್ಕೆ ಬಿದ್ದವು. ಎಲ್ಲದರ ಮೇಲೂ ಅದೇ ತಲೆಬರಹ.

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಅವರು ತಮ್ಮ ನಾಲ್ಕನೆಯ ಹಾಳೆ ಕೊಟ್ಟ ಮೇಲೆ ನಾನು ನನ್ನದನ್ನು ಬಚ್ಚಿಟ್ಟುಕೊಂಡು ಕೂರುವುದು ಮರ್ಯಾದೆಯಲ್ಲ.

೪

ಜಗಳಕ್ಕೆ ಮೊದಲು ಅಣ್ಣತಮ್ಮಂದಿರು ಊಟಕ್ಕೆ ಹೋಗುವಾಗ ಟೈಪಕ್ಕನ ಅಂಗಡಿಯಲ್ಲಿ ಒಂದು ನಿಮಿಷ ನಿಂತು ಹೋಗುತ್ತಿದ್ದರು. ಜಗಳ ಆದಮೇಲೆ ಇಬ್ಬರೂ ಬರುವುದು ಬಿಟ್ಟರು. ತಮ್ಮನ ಪರ ಮಾತಾಡುತ್ತಾಳೆ ಎಂದು ಅಣ್ಣನಿಗೆ ಭಯ, ಅಣ್ಣನ ಪರ ಮಾತಾಡುತ್ತಾಳೆ ಎಂದು ತಮ್ಮನಿಗೆ. ಅವರನ್ನು ಮತ್ತೆ ಆ ಬಾಗಿಲಿಗೆ ಕರೆತಂದದ್ದು ಕೇಸು.

ಟೈಪಕ್ಕ ಇದನ್ನು ನನಗೆ ಹೇಳಿದ್ದು ಅದೇ ಶುಕ್ರವಾರ, ವಾಚಣ್ಣ ಹೋದ ಮೇಲೆ. "ಟಿಣ್ ಅಂದ್ರೆ ನಂಗೆ ಖುಷಿ ಸಾರ್. ಓದೋಕೆ ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ ಸುಮ್ನೆ ಕೂತಿರ್ತಾರೆ. ಮೊಣಕಾಲು ನೋವು, ಮಕ್ಕಳ ಪರೀಕ್ಷೆ, ಅದೂ ಇದೂ. ಆ ಕೊನೇ ಹಾಳೆ ಕಂಡ್ರೆ ಇಬ್ಬರೂ ನನ್ನ ಹೆಸರು ತೆಗೆಸ್ತಾರೆ ಅಂತ ಹೆದರಿಕೆ ಇತ್ತು. ಒಬ್ಬ ಹೋದ್ರೂ ತಡ್ಕೋತೀನೇನೋ. ಇಬ್ಬರೂ ಹೋದ್ರೆ?"

ಇದನ್ನು ನಾನು ಯಾಕೆ ತೆಗೆದಿಟ್ಟಿದ್ದೆ? ಮೊದಲೇ ಹೇಳಿದ್ದರೆ ನೀವು ಅವರ ಕಡೆ ವಾಲುತ್ತಿದ್ದಿರಿ, ನನ್ನ ಮೂರು ಮುಕ್ತಾಯಗಳನ್ನು ಓದುತ್ತಲೇ ಇರಲಿಲ್ಲ. ಇನ್ನೊಂದು ಕಾರಣವೂ ಇದೆ. ಪತ್ರಿಕೆಗಳಿಂದ ನನಗೆ ಬರುವ ಮೇಲ್‌ಗಳಿಗೂ ನಾನು ಕೊಟ್ಟಿರುವುದು ಟೈಪಕ್ಕನ ವಿಳಾಸವನ್ನೇ. "ವಿಷಾದಿಸುತ್ತೇವೆ" ಎಂಬುದನ್ನು ಅವರ ಬಾಯಲ್ಲಿ ಕೇಳಿದರೆ ಅಷ್ಟು ಬೇಜಾರಾಗುವುದಿಲ್ಲ. ನಾನೂ ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿರುತ್ತೇನೆ.

(ಇದು ಗೊತ್ತಿತ್ತು ಸಾರ್.)

೭

ವಾಚಣ್ಣ ನಾಲ್ಕನೆಯ ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಅಕ್ಷರಗಳು ಅಷ್ಟೇನೂ ಸಣ್ಣವಾಗಿರಲಿಲ್ಲ, ಆದರೂ ಭೂತಕನ್ನಡಿ ತೆಗೆಯಲಿಲ್ಲ.

"ಅವನಿಗೂ ನೀನೇನಾ?"

"ಹೂಂ."

"ಮೊದಲಿಂದಾನೂ?"

"ನಿನ್ನದಾದ ತಿಂಗಳಿಗೆ."

"ಅವನಿಗೆ ಎಷ್ಟೊತ್ತಿಗೆ ಓದ್ತೀಯ?"

"ಮೂರಕ್ಕೆ."

"ನಂಗೆ ಓದೋ ಹಾಗೇನಾ? ಒಂದಕ್ಷರ ಆಚೀಚೆ ಇಲ್ದೆ?"

"ಅವನಿಗೆ ಸ್ವಲ್ಪ ನಿಧಾನ. ಕೋರ್ಟಿನ ಪದ ಬಂದ್ರೆ ಬಿಡಿಸಿ ಹೇಳ್ಬೇಕು."

"ನಾನು ಇಲ್ಲಿ ಕೂತು ಹೇಳಿದ್ದನ್ನೆಲ್ಲ ಅವನಿಗೆ ಹೇಳಿದ್ಯಾ?"

"ಇಲ್ಲ."

ವಾಚಣ್ಣ ದನಿ ತಗ್ಗಿಸಿ ಕೇಳಿದರು. "ಅವನು ನನ್ನ ಬಗ್ಗೆ ಏನಂತಾನೆ?"

"ಅದನ್ನೂ ಹೇಳಲ್ಲ ಅಣ್ಣ."

ಅವರು ನಕ್ಕರೋ ಕೆಮ್ಮಿದರೋ ನನಗೆ ನಿಂತಲ್ಲಿಂದ ತಿಳಿಯಲಿಲ್ಲ. ಟೈಪಕ್ಕ ಕಂಪ್ಯೂಟರಿನ ಪರದೆಯನ್ನು ಅಣ್ಣನ ಕಡೆ ತಿರುಗಿಸಿದರು. ಅಲ್ಲಿ ಕೆಂಪು ಬಣ್ಣದಲ್ಲಿ "ಪ್ರತಿನಿಧಿಯನ್ನು ತೆಗೆದುಹಾಕಿ" ಎಂದಿತ್ತು. ಮೌಸ್ ಹಿಡಿದು ಬಾಣವನ್ನು ಅದರ ಮೇಲೆ ತಂದು ನಿಲ್ಲಿಸಿದರು.

"ಹೆಸರು ತೆಗೀಲಾ ಅಣ್ಣ? ನೀನು ಹೂಂ ಅಂದ್ರೆ ಈಗಲೇ ತೆಗೀತೀನಿ."

"ಕೈ ತೆಗಿ ಅದ್ರ ಮೇಲಿಂದ" ಅಂದರು ವಾಚಣ್ಣ. ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಇವತ್ತು ಮೂರಕ್ಕೂ ಬರ್ತೀನಿ. ಅವನ ಅಧಿಕೃತ ಪ್ರತಿನಿಧಿ ಹೇಗೆ ಓದ್ತಾಳೆ ನಾನೂ ಕೇಳ್ಬೇಕು."

೮

ಮೂರು ಗಂಟೆಗೆ ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಒಂದು ಹಾಳೆ ಝೆರಾಕ್ಸ್ ಮಾಡಿಸುವ ನೆಪ ಹುಡುಕಿಕೊಂಡು ಹೋದೆ. ಕಾಗದದ ಕಟ್ಟುಗಳು ನೆಲಕ್ಕಿಳಿದು, ಎರಡನೆಯ ಕುರ್ಚಿಯ ಬಣ್ಣ ನೀಲಿ ಎಂದು ಮೊದಲ ಸಲ ಗೊತ್ತಾಯಿತು. ಇನ್ನೊಂದರಲ್ಲಿ ವಾಚಣ್ಣ ಆಗಲೇ ಕೂತಿದ್ದರು.

ಬೀಗಣ್ಣ ಒಳಗೆ ಕಾಲಿಟ್ಟವನು ಅಣ್ಣನನ್ನು ಕಂಡು ಹಿಂದಕ್ಕೆ ತಿರುಗಿದ.

"ಲೋ, ನಿಂತ್ಕೋ" ಅಂದರು ಟೈಪಕ್ಕ. "ಮೊದಲು ಇದನ್ನ ನೀನೇ ಓದು. ಉದ್ದ ವಾಕ್ಯ ಇಲ್ಲ, ಬರೀ ಹೆಸರು."

ನಿಂತೇ ಓದಿದ. ಇನ್ನೊಮ್ಮೆ ಓದಿದ. ಟೈಪಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಬೈಯೋದಾದ್ರೆ ಈಗಲೇ ಬೈದ್ಬಿಡು. ಆಮೇಲೆ ಮನಸ್ಸಲ್ಲಿ ಇಟ್ಕೋಬೇಡ."

"ಅಲ್ಲಕ್ಕ, ಎರಡು ವರ್ಷದಿಂದ ಒಂದನ್ನ ಎರಡೆರಡು ಸಲ ಓದ್ತಿದ್ಯಾ? ಗಂಟಲು ನೋಯಲ್ವಾ ನಿಂಗೆ?"

ಈ ಮಾತು ನಾನು ಬರೆದದ್ದಲ್ಲ. ನನಗೆ ಹೊಳೆಯುತ್ತಲೂ ಇರಲಿಲ್ಲ. ಟೈಪಕ್ಕ ಕಣ್ಣೊರೆಸಿಕೊಂಡರು.

"ನೋಯುತ್ತೆ ಕಣೋ. ಇನ್ನು ಮೇಲೆ ಒಂದೇ ಸಲ ಓದೋದು, ಮೂರಕ್ಕೆ. ಕೇಳೋರು ಬರ್ಬೇಕು."

ಬೀಗಣ್ಣ ನೀಲಿ ಕುರ್ಚಿಯ ಅಂಚಿನಲ್ಲಿ ಕೂತ. ಟೈಪಕ್ಕ ಓದಿದರು. ಕೊನೆಗೆ ಬಂದಾಗ ಅವನು ರೂಢಿಯಂತೆ ಅಕ್ಕನ ಕಡೆ ನೋಡಿ ಕೇಳಿದ, "ವಜಾ ಅಂದ್ರೆ?"

"ಕೇಸು ಬಿದ್ದುಹೋಗುತ್ತೆ ಅಂತ" ಅಂದರು ವಾಚಣ್ಣ, ಕೈಯಲ್ಲಿದ್ದ ಭೂತಕನ್ನಡಿಯನ್ನು ಒರೆಸುತ್ತ.

ಎರಡು ವರ್ಷದ ಮೇಲೆ ತಮ್ಮನಿಗೆ ಹೇಳಿದ ಮೊದಲ ಮಾತು. ಇಲ್ಲಿ ಎರಡು ಪ್ಯಾರಾ ಬರೆದಿದ್ದೆ, ಕಿಟಕಿಯ ಬೆಳಕು ಎಲ್ಲ ಇತ್ತು.

(ತೆಗೆದೆ. ಅಷ್ಟೇ ನಡೆದಿದ್ದು. ತಮ್ಮ ಓ ಅಂದ. ಆಮೇಲೆ ಒಬ್ಬರ ಹಿಂದೆ ಒಬ್ಬರು ಎದ್ದು ಹೋದ್ರು, ಜೊತೆಗಲ್ಲ.)

೯

ಇವತ್ತು ಬುಧವಾರ. ಮೂರಕ್ಕೆ ಇನ್ನು ಕಾಲು ಗಂಟೆ ಇದೆ. ಕೊನೆಯ ಹಾಳೆ ಕೊಡಲು ಬಂದವನು ಕುರ್ಚಿಯಲ್ಲಿ ಕೂತು, ಇದನ್ನು ಬಾಯಲ್ಲೇ ಹೇಳುತ್ತಿದ್ದೇನೆ; ಟೈಪಕ್ಕ ಹೊಡೆಯುತ್ತಿದ್ದಾರೆ. ಗುರುವಾರ ಬರುವುದು ನಾಳೆ. ಇಬ್ಬರೂ ಹೋಗುತ್ತಾರೋ, ಒಬ್ಬರು ಹೋಗುತ್ತಾರೋ, ಯಾರೂ ಹೋಗುವುದಿಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿದ್ದವನಂತೆ ನಟಿಸಲು ಎದುರಿಗಿರುವವರು ಬಿಡುವುದಿಲ್ಲ.

ಶುಕ್ರವಾರದಿಂದ ಟೈಪಕ್ಕನ ಫೋನು ಸುಮ್ಮನಿದೆ. ಅವರ ಕಣ್ಣು ಮಾತ್ರ ಗಳಿಗೆಗೊಮ್ಮೆ ಅದರ ಕಡೆ ಹೋಗುತ್ತದೆ. ಅಣ್ಣನೋ ತಮ್ಮನೋ ಮನೆಗೆ ಹೋಗಿ ಯೋಚಿಸಿ, ಇನ್ಯಾರ ಕೈಯಲ್ಲೋ ಹೆಸರು ತೆಗೆಸಿರಬಹುದಲ್ಲ? ತೆಗೆಸಿದ್ದರೆ ಮುಂದಿನ ಸೂಚನೆಗೆ ಒಂದೇ ಟಿಣ್. ಇಬ್ಬರೂ ತೆಗೆಸಿದ್ದರೆ ಅದೂ ಇಲ್ಲ.

ಟಿಣ್.

ಇಲ್ಲೇ ನಿಲ್ಲಿಸಿ ಟೈಪಕ್ಕ. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಓದುಗರು ಎರಡನೆಯದಕ್ಕೆ ಕಾಯುತ್ತ

(ಟಿಣ್. ಎರಡನೇದೂ ಬಂತು. ಬಂದಿದ್ದನ್ನ ಬಂದ ಹಾಗೆ ಹಾಕಿದ್ದೀನಿ. ಓದೋರನ್ನ ಹಾಗೆಲ್ಲ ಒಂಟಿ ಕಾಲಲ್ಲಿ ನಿಲ್ಲಿಸ್ಬಾರ್ದು ಸಾರ್.)

ಅವರು ಸೂಚನೆ ತೆರೆದು ಓದಿದರು. ಮುಖ ಅರಳಿದ್ದು ಎರಡನೆಯ ಟಿಣ್‌ಗೋ, ಒಳಗಿದ್ದ ಮಾತಿಗೋ, ನಾನು ಹೇಳಲಾರೆ.

"ಏನಂತೆ?"

"ಅದನ್ನ ನಿಮಗೆ ಹೇಳೋ ಹಾಗಿಲ್ಲ."

"ಈ ಕಥೆ ಬರೀತಿರೋನು ನಾನು!"

"ಬರೀರಿ, ಬೇಡ ಅಂದೋರ್ಯಾರು? ಆದ್ರೆ ನೀವು ಅಧಿಕೃತ ಪ್ರತಿನಿಧಿ ಅಲ್ವಲ್ಲ."

"ಓದುಗರಿಗಾದ್ರೂ ಹೇಳಿ."

"ಅವರ ಹೆಸರೂ ಹಾಳೇಲಿಲ್ಲ."

ಪ್ರಿಂಟರಿನಿಂದ ನಾಲ್ಕು ಹಾಳೆ ಬಂದವು. ಒಂದೇ ಪ್ರತಿ. ನಾಲ್ಕನ್ನೂ ಜೋಡಿಸಿ, ಮೂಲೆ ತಟ್ಟಿ ಸಮ ಮಾಡಿ, ಪಿನ್ ಹೊಡೆದರು. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದು ಕೇಳಿಸಿತು, ಹಿಂದೆಯೇ ಇನ್ನೊಂದು ಜೊತೆಯದ್ದೂ. ನಾನು ಮುಂದಿನ ವಾಕ್ಯ ಹೇಳಲು ಬಾಯಿ ತೆರೆದೆ.

(ಸಾಕು ಸಾರ್, ಏಳಿ. ಇರೋದು ಎರಡೇ ಕುರ್ಚಿ.)